ಕಾರ್ನೆಗಿ ಹಾಲ್, 1938: ಜೀನ್ ಕ್ರೂಪಾ ಅವರ ಡ್ರಮ್ಸ್‌ಗಾಗಿ ಕೊಳ್ಳಬೇಕಾದ ಧ್ವನಿಮುದ್ರಿಕೆ

1938ರ ಜನವರಿ 16ರ ಭಾನುವಾರ ರಾತ್ರಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಬೆನ್ನಿ ಗುಡ್‌ಮನ್ ಮತ್ತು ಅವರ ವಾದ್ಯವೃಂದ ನಡೆಸಿದ ಜಾಝ್ ಕಛೇರಿಯ ಧ್ವನಿಮುದ್ರಿಕೆಯನ್ನು ಗುಡ್‌ಮನ್ ಅವರ ಕ್ಲಾರಿನೆಟ್‌ಗಾಗಿ ಹೊಗಳುವುದು ವಾಡಿಕೆ. ಆ ಹೊಗಳಿಕೆ ನ್ಯಾಯವಾದದ್ದೇ. ಆದರೆ ಬಿಗ್ ಬ್ಯಾಂಡ್ (ದೊಡ್ಡ ಜಾಝ್ ವೃಂದ) ಕಾಲದ ಡ್ರಮ್ಸ್ ವಾದಕರನ್ನು ಮೆಚ್ಚುವವರಿಗೆ ಇದು ಮೊದಲಾಗಿ ಜೀನ್ ಕ್ರೂಪಾ ಅವರ ಕಛೇರಿ. ಹಿಂದಿನ ದಿನವಷ್ಟೇ 29 ವರ್ಷ ತುಂಬಿದ್ದ ಈ ಷಿಕಾಗೊ ವಾದಕರು 14 ಜನರ ವೃಂದವೊಂದನ್ನು ಆರಂಭದಿಂದ ಮುಕ್ತಾಯದವರೆಗೆ ಹೇಗೆ ಹೊತ್ತು ನಡೆದರು ಎಂಬುದನ್ನು ಇಷ್ಟು ಸಮಗ್ರವಾಗಿ ತೋರಿಸುವ ಇನ್ನೊಂದು ಮುದ್ರಿಕೆಯನ್ನು ನಾನು ಕೇಳಿಲ್ಲ. ಅವರ ಏಕವಾದನಗಳು ಜಗತ್ಪ್ರಸಿದ್ಧ. ಅವುಗಳಿಗಿಂತ ಹೆಚ್ಚಿನ ವಿದ್ಯೆ ಅವರು ಇತರರಿಗೆ ನುಡಿಸಿಕೊಡುವಾಗ ಕೇಳಿಸುತ್ತದೆ ಎಂಬುದು ಈ ಮುದ್ರಿಕೆಯನ್ನು ಹಲವು ಬಾರಿ ಕೇಳಿದ ಮೇಲೆ ನನಗೆ ಉಳಿದಿರುವ ದೃಢವಾದ ಅಭಿಪ್ರಾಯ.

ಈ ಧ್ವನಿಮುದ್ರಣ ಉಳಿದುಬಂದದ್ದೇ ಒಂದು ಭಾಗ್ಯ. ಆಲ್ಬರ್ಟ್ ಮಾರ್ಕ್ಸ್ ಎಂಬುವರು, ಹಿಂದೆ ಗುಡ್‌ಮನ್ ವೃಂದದ ಗಾಯಕಿಯಾಗಿದ್ದ ತಮ್ಮ ಪತ್ನಿ ಹೆಲೆನ್ ವಾರ್ಡ್ ಅವರಿಗೆ ಉಡುಗೊರೆಯಾಗಿ ಕೊಡಲೆಂದು ಅದನ್ನು ಮಾಡಿಸಿದರು. ವೇದಿಕೆಯ ಮೇಲೆ ತೂಗುಬಿಟ್ಟಿದ್ದ ಒಂದೇ ಮೈಕ್ರೊಫೋನ್ ಹಿಡಿದ ನಾದವು ತಂತಿಯ ಮೂಲಕ ಸ್ಟುಡಿಯೊಗೆ ಹೋಗಿ, ಅಲ್ಲಿ ಅಸಿಟೇಟ್ ತಟ್ಟೆಗಳ ಮೇಲೆ ಅಚ್ಚಾಯಿತು. ಗುಡ್‌ಮನ್ ಅವರ ಪ್ರತಿ ಹನ್ನೆರಡು ವರ್ಷ ಅವರ ಮನೆಯಲ್ಲೇ ಮರೆತುಹೋದಂತೆ ಬಿದ್ದಿತ್ತು. 1950ರಲ್ಲಿ ಅದನ್ನು ಕೊಲಂಬಿಯಾ ಕಂಪನಿ ಎರಡು ಎಲ್‌ಪಿ ತಟ್ಟೆಗಳಾಗಿ ಹೊರತಂದಾಗ, ಆಗತಾನೇ ಮಾರುಕಟ್ಟೆಗೆ ಬಂದಿದ್ದ ದೀರ್ಘಾವಧಿ ತಟ್ಟೆಗಳಲ್ಲೇ ಅತಿ ಹೆಚ್ಚು ಮಾರಾಟವಾದವುಗಳ ಸಾಲಿಗೆ ಅದು ಸೇರಿತು. ಇಂದು ಕೊಳ್ಳುವವರು ಆಯ್ದುಕೊಳ್ಳಬೇಕಾದದ್ದು 1999ರ ಎರಡು ಸಿ.ಡಿ.ಗಳ ಆವೃತ್ತಿಯನ್ನು. ಅದನ್ನು ಸಿದ್ಧಪಡಿಸಿದ ಫಿಲ್ ಶಾಪ್ ಅವರು ಎಲ್‌ಪಿಯಲ್ಲಿ ಬಿಟ್ಟುಹೋಗಿದ್ದ ಕೃತಿಗಳನ್ನೂ ಕತ್ತರಿಸಿದ್ದ ಭಾಗಗಳನ್ನೂ ಮರಳಿ ಸೇರಿಸಿದ್ದಾರೆ.

ಕಛೇರಿ 'ಡೋಂಟ್ ಬಿ ದಟ್ ವೇ' ಕೃತಿಯಿಂದ ಆರಂಭವಾಗುತ್ತದೆ. ಶಾಸ್ತ್ರೀಯ ಸಂಗೀತಕ್ಕೆಂದೇ ಹೆಸರಾದ ಸಭಾಂಗಣದಲ್ಲಿ, ಮುಂಚಿತವಾಗಿ ಟಿಕೆಟ್‌ಗಳೆಲ್ಲ ಮಾರಾಟವಾಗಿದ್ದ ಸಭೆಯ ಮುಂದೆ, ನೃತ್ಯಶಾಲೆಗಳ ವೃಂದವೊಂದು ಕುಳಿತಿರುವ ಅಳುಕು ಮೊದಲ ಕೆಲವು ಆವರ್ತಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಸ್ಯಾಕ್ಸೋಫೋನ್‌ಗಳು ಅಚ್ಚುಕಟ್ಟಾಗಿವೆ, ಆದರೆ ಬಿಗುವಾಗಿವೆ. ಆಮೇಲೆ ವೃಂದವು ಕ್ಷಣಕಾಲ ನಿಂತು ಬಿಟ್ಟುಕೊಟ್ಟ ಸಣ್ಣ ಜಾಗದಲ್ಲಿ ಕ್ರೂಪಾ ತಮ್ಮೆಲ್ಲ ಬಲ ಹಾಕಿ ಬಾರಿಸುತ್ತಾರೆ. ಸಭೆ ಒಮ್ಮೆಗೇ ಚಪ್ಪಾಳೆಯಿಂದ ಉತ್ತರಿಸುತ್ತದೆ. ಅಲ್ಲಿಂದ ಮುಂದೆ ವೃಂದದ ಉಸಿರಾಟವೇ ಬದಲಾಗಿದೆ. ತಾಂತ್ರಿಕವಾಗಿ ಆ ತುಣುಕಿನಲ್ಲಿ ಅಂಥ ಕಠಿಣವಾದದ್ದು ಏನೂ ಇಲ್ಲ. ತನ್ನ ಜೊತೆಗಾರರಿಗೆ ಆ ಗಳಿಗೆಯಲ್ಲಿ ಏನು ಬೇಕಾಗಿದೆ ಎಂದು ಅರಿತು ಅದನ್ನೇ ಕೊಟ್ಟದ್ದು ಅದರ ಹಿರಿಮೆ.

ಕ್ರೂಪಾ ಅವರನ್ನು ಬರಿಯ ಅಬ್ಬರದ ವಾದಕರೆಂದು ತಿಳಿದವರು ಇದಾದ ಮೇಲೆ ಟ್ರಿಯೊ (ಮೂವರ) ಮತ್ತು ಕ್ವಾರ್ಟೆಟ್ (ನಾಲ್ವರ) ಭಾಗಗಳನ್ನು ಕೇಳಬೇಕು. 'ಬಾಡಿ ಆ್ಯಂಡ್ ಸೋಲ್' ಕೃತಿಯಲ್ಲಿ ಗುಡ್‌ಮನ್, ಪಿಯಾನೊದಲ್ಲಿ ಟೆಡ್ಡಿ ವಿಲ್ಸನ್ ಮತ್ತು ಡ್ರಮ್ಸ್‌ನಲ್ಲಿ ಕ್ರೂಪಾ ಮೂವರೇ ಇದ್ದಾರೆ. ಬಾಸ್ ವಾದ್ಯವೂ ಇಲ್ಲ. ಕೋಲುಗಳ ಬದಲು ಬಳಸುವ ತಂತಿಯ ಬ್ರಷ್‌ಗಳು ಸ್ನೇರ್ ಎಂಬ ಚಿಕ್ಕ ಡ್ರಮ್‌ನ ಚರ್ಮದ ಮೇಲೆ ಸವರಿಕೊಂಡು ಹೋಗುವ ಸದ್ದು ಹಳೆಯ ಮುದ್ರಣದ ಕರಕರದ ನಡುವೆಯೂ ಉಳಿದಿದೆ, ಮತ್ತು ವಿಲ್ಸನ್ ಅವರ ಎಡಗೈಯ ನಡೆಗೆ ಅದು ಎಲ್ಲಿಯೂ ಅಡ್ಡ ಬರುವುದಿಲ್ಲ. ವೈಬ್ರಾಫೋನ್ ವಾದಕ ಲಯೊನೆಲ್ ಹ್ಯಾಂಪ್ಟನ್ ಸೇರಿಕೊಂಡ ಮೇಲೆ 'ಅವಲಾನ್' ಮತ್ತು 'ಐ ಗಾಟ್ ರಿದಮ್' ಕೃತಿಗಳಲ್ಲಿ ವೇಗ ಏರುತ್ತದೆ. ಸ್ವತಃ ಡ್ರಮ್ಸ್ ನುಡಿಸಬಲ್ಲ ಹ್ಯಾಂಪ್ಟನ್ ಮತ್ತು ಕ್ರೂಪಾ ನಡುವಿನ ಲಯಸಂವಾದ ಆನಂದಕೊಡುವಂಥದ್ದು. ವಿಲ್ಸನ್ ಮತ್ತು ಹ್ಯಾಂಪ್ಟನ್ ಕರಿಯ ಕಲಾವಿದರು. ಅಮೆರಿಕದ ಬಹುತೇಕ ವೇದಿಕೆಗಳಲ್ಲಿ ಬಿಳಿಯರು ಕರಿಯರು ಜೊತೆಯಾಗಿ ನುಡಿಸುವಂತಿರದ ಕಾಲದಲ್ಲಿ ಈ ನಾಲ್ವರು ಹೀಗೆ ಒಟ್ಟಿಗೆ ಕುಳಿತದ್ದನ್ನು ಕೇಳುಗರು ಮರೆಯಬಾರದು.

ವೃಂದನಾಯಕ ಕೌಂಟ್ ಬೇಸಿ, ಅವರ ವೃಂದದ ಲೆಸ್ಟರ್ ಯಂಗ್, ಬಕ್ ಕ್ಲೇಟನ್ ಮತ್ತು ಡ್ಯೂಕ್ ಎಲಿಂಗ್ಟನ್ ವೃಂದದ ಜಾನಿ ಹಾಡ್ಜಸ್, ಹ್ಯಾರಿ ಕಾರ್ನಿ ಮೊದಲಾದವರು ಸೇರಿ ನುಡಿಸಿದ 'ಹನಿಸಕಲ್ ರೋಸ್' ಸುಮಾರು 16 ನಿಮಿಷಗಳಷ್ಟು ಇದೆ. ಇಲ್ಲಿ ನನ್ನ ಮೆಚ್ಚುಗೆ ಸ್ವಲ್ಪ ತಗ್ಗುತ್ತದೆ. ಬೇಸಿ ಅವರ ಪಿಯಾನೊ, ಫ್ರೆಡ್ಡಿ ಗ್ರೀನ್ ಅವರ ಗಿಟಾರ್, ವಾಲ್ಟರ್ ಪೇಜ್ ಅವರ ಬಾಸ್ ಮೂರೂ ಇದ್ದರೂ ಬೇಸಿ ವೃಂದದ ಲಯವಿಭಾಗದ ನಾಲ್ಕನೆಯವರಾದ ಡ್ರಮ್ಸ್ ವಾದಕ ಜೋ ಜೋನ್ಸ್ ಬದಲಿಗೆ ಕ್ರೂಪಾ ಕುಳಿತಿದ್ದಾರೆ. ಕಾಲವನ್ನು ಪಾದದಿಂದ ಬಾರಿಸುವ ದೊಡ್ಡ ಬಾಸ್ ಡ್ರಮ್‌ನಿಂದ ಎತ್ತಿ, ಹೈ-ಹ್ಯಾಟ್ ಎಂಬ ಜೋಡಿ ತಾಳದಂಥ ಸಿಂಬಲ್‌ಗಳ ಮೇಲೆ ಹಗುರವಾಗಿ ತೇಲಿಸಿದವರು ಜೋನ್ಸ್. ಬೇಸಿ ವೃಂದದ ಸರಾಗ ಓಟ ಆ ಹಗುರತನದ ಮೇಲೆಯೇ ನಿಂತಿತ್ತು. ಕ್ರೂಪಾ ಅವರು ಪ್ರತಿ ಮಾತ್ರೆಯನ್ನೂ ಪಾದದಿಂದ ಒತ್ತಿಹೇಳುವ ಹಳೆಯ ಷಿಕಾಗೊ ಪದ್ಧತಿಯವರು. ಅಲ್ಲಿ ಅವರು ಹಿರಿಯ ಡ್ರಮ್ಸ್ ವಾದಕರಾದ ಬೇಬಿ ಡಾಡ್ಸ್ ಮತ್ತು ಜಟಿ ಸಿಂಗಲ್ಟನ್ ಅವರನ್ನು ಕೇಳುತ್ತ ಬೆಳೆದವರು. ಎರಡೂ ಪದ್ಧತಿಗಳು ಘನವಾದವು. ಆದರೆ ಯಂಗ್ ಅವರ ಟೆನರ್ ಸ್ಯಾಕ್ಸೋಫೋನ್‌ಗೆ ಈ ಭಾರ ಹೊಂದುವುದಿಲ್ಲ. ಅದು ಕೇಳುವಾಗ ತಿಳಿಯುತ್ತದೆ.

ಇನ್ನು 'ಸಿಂಗ್, ಸಿಂಗ್, ಸಿಂಗ್'. ಲೂಯಿ ಪ್ರೀಮಾ 1936ರಲ್ಲಿ ರಚಿಸಿದ ಹಾಡನ್ನು ಗುಡ್‌ಮನ್ ವೃಂದ ಬರಬರುತ್ತ ಹಿಗ್ಗಿಸಿ, 1937ರ ಜುಲೈನಲ್ಲಿ ದೊಡ್ಡ ತಟ್ಟೆಯೊಂದರ ಎರಡೂ ಮಗ್ಗುಲನ್ನು ತುಂಬುವಂತೆ ಎಂಟು ನಿಮಿಷಗಳಿಗೂ ಮೀರಿ ಮುದ್ರಿಸಿತ್ತು. ಕಾರ್ನೆಗಿ ಹಾಲ್‌ನಲ್ಲಿ ಅದು 12 ನಿಮಿಷಗಳಷ್ಟು ಬೆಳೆದಿದೆ. ನೆಲದ ಮೇಲಿಟ್ಟ ಟಾಮ್‌ಟಾಮ್ ಎಂಬ ಡ್ರಮ್‌ನ ಗಂಭೀರ ನಾದದಿಂದ ಕ್ರೂಪಾ ತೊಡಗುತ್ತಾರೆ. ಪೆಟ್ಟುಗಳು ಒಂದೇ ಮಾದರಿಯಲ್ಲಿ ಸುತ್ತಿ ಬರುತ್ತಿದ್ದರೂ ಒತ್ತು ಬೀಳುವ ಜಾಗ ಆಗಾಗ ಸರಿಯುವುದರಿಂದ ಅದು ಎಂದೂ ಯಾಂತ್ರಿಕವಾಗುವುದಿಲ್ಲ. ಈ ಟಾಮ್‌ಟಾಮ್‌ಗಳ ಹಿಂದೆ ಒಂದು ಚರಿತ್ರೆಯೇ ಇದೆ. ಅದುವರೆಗೆ ಬಳಕೆಯಲ್ಲಿದ್ದ ಚೀನೀ ಮಾದರಿಯ ಟಾಮ್‌ಟಾಮ್‌ಗಳಲ್ಲಿ ಚರ್ಮವನ್ನು ಮೊಳೆ ಹೊಡೆದು ಕೂರಿಸುತ್ತಿದ್ದರು, ಶ್ರುತಿ ಮಾಡುವ ಅವಕಾಶ ಕಡಮೆ. ಮೇಲಿನ ಚರ್ಮವನ್ನೂ ಕೆಳಗಿನ ಚರ್ಮವನ್ನೂ ತಿರುಪುಗಳಿಂದ ಬಿಗಿದು ಶ್ರುತಿ ಸೇರಿಸಬಹುದಾದ ಟಾಮ್‌ಟಾಮ್‌ಗಳನ್ನು ಡ್ರಮ್ ತಯಾರಕರಾದ ಸ್ಲಿಂಗರ್‌ಲ್ಯಾಂಡ್ ಕಂಪನಿ ತಯಾರಿಸುವಂತೆ ಒತ್ತಾಯಿಸಿದವರು ಕ್ರೂಪಾ. ಈ ಕೃತಿಯ ನಾದ ಆ ಒತ್ತಾಯದ ಫಲ.

ಮೃದಂಗದ ತನಿ ಆವರ್ತನ ಕೇಳಿ ಬೆಳೆದವರಿಗೆ ಇಲ್ಲಿನ ಕಟ್ಟೋಣ ಬೇರೆಯಾಗಿ ಕಾಣುತ್ತದೆ. ತನಿಯಲ್ಲಿ ವಾದಕರು ನಡೆಗಳನ್ನು ಬದಲಿಸುತ್ತ ಲೆಕ್ಕವನ್ನು ಹೆಣೆದು ಮುಕ್ತಾಯಕ್ಕೆ ತಂದು ನಿಲ್ಲಿಸುತ್ತಾರೆ. ಕ್ರೂಪಾ ಅವರದು ಹೆಚ್ಚಾಗಿ ಏರಿಳಿತದ ಕಲೆ. ಹ್ಯಾರಿ ಜೇಮ್ಸ್ ಅವರ ಟ್ರಂಪೆಟ್ ಮುಗಿದ ಕೂಡಲೇ ಅವರು ಸದ್ದನ್ನು ತಗ್ಗಿಸಿ, ಗುಡ್‌ಮನ್ ಕ್ಲಾರಿನೆಟ್ ಎತ್ತಿಕೊಂಡಾಗ ಮತ್ತೆ ಮೆಲ್ಲಗೆ ಬಿಗಿಗೊಳಿಸುತ್ತ ಹೋಗುತ್ತಾರೆ. ಇನ್ನೇನು ಮುಗಿಯಿತು ಎನ್ನುವ ಹಂತದಲ್ಲಿ ಪಿಯಾನೊ ವಾದಕ ಜೆಸ್ ಸ್ಟೇಸಿ, ಯಾರೂ ನಿರೀಕ್ಷಿಸದಿದ್ದಾಗ, ತಮ್ಮದೇ ಏಕವಾದನ ತೊಡಗುತ್ತಾರೆ. ಅದು ಸುಮಾರು ಎರಡು ನಿಮಿಷಗಳ, ಧ್ಯಾನದಂಥ ಮೃದುವಾದ ವಾದನ. ಸಭೆಯನ್ನು ಕೆರಳಿಸಿ ಎದ್ದು ನಿಲ್ಲಿಸಬಲ್ಲ ವಾದಕರು ಆಗ ಮಾಡಿದ್ದೇನು? ತಮ್ಮ ಟಾಮ್‌ಟಾಮ್‌ಗಳನ್ನು ಹಿನ್ನೆಲೆಗೆ ಸರಿಸಿ, ಸ್ಟೇಸಿ ಅವರ ಒಂದು ಸ್ವರವನ್ನೂ ಮುಚ್ಚದೆ, ಕಾಲವನ್ನು ಮಾತ್ರ ಹಿಡಿದುಕೊಂಡರು. ನನ್ನ ಮಟ್ಟಿಗೆ ಇಡೀ ಕಛೇರಿಯ ಶ್ರೇಷ್ಠ ಡ್ರಮ್ಸ್ ವಾದನ ಅದೇ. ಈ ಕೃತಿಯ ಗದ್ದಲದ ಭಾಗಗಳನ್ನಷ್ಟೇ ಬಿಡಿಯಾಗಿ ಕೇಳಿಸುವ ಸಂಕಲನಗಳನ್ನು ಕೊಳ್ಳಬಾರದೆಂದು ನಾನು ಹೇಳುವುದೂ ಇದೇ ಕಾರಣಕ್ಕೆ.

ಧ್ವನಿಯ ಗುಣಮಟ್ಟದ ಬಗ್ಗೆ ಕೊಳ್ಳುವವರಿಗೆ ಮುಂಚಿತವಾಗಿ ತಿಳಿದಿರಬೇಕು. ಒಂದೇ ಮೈಕ್ರೊಫೋನ್ ಆದ್ದರಿಂದ ವಾದ್ಯಗಳನ್ನು ಬೇರೆಬೇರೆಯಾಗಿ ಎತ್ತಿಹಿಡಿಯುವುದು ಅಸಾಧ್ಯ; ಬಾಸ್ ಡ್ರಮ್ ಕೆಲವೆಡೆ ಮಸುಕಾಗಿದೆ. 1999ರ ಆವೃತ್ತಿಯಲ್ಲಿ ತಟ್ಟೆಗಳ ಕರಕರ ಸದ್ದನ್ನು ಪೂರ್ತಿ ತೊಡೆದುಹಾಕಿಲ್ಲ. ಹಾಗೆ ತೊಡೆದಿದ್ದರೆ ಸಿಂಬಲ್‌ಗಳ ಹೊಳಪು ಮತ್ತು ಬ್ರಷ್‌ಗಳ ಸವರಿಕೆ ಕೂಡ ಅದರೊಂದಿಗೇ ಹೋಗುತ್ತಿತ್ತು, ಹಾಗಾಗಿ ಡ್ರಮ್ಸ್ ಕೇಳಬಯಸುವವರ ಪಾಲಿಗೆ ಈ ತೀರ್ಮಾನ ಸರಿಯಾದದ್ದು. ಮೊಬೈಲ್ ಫೋನಿನ ಸ್ಪೀಕರಿನಲ್ಲಿ ದಯವಿಟ್ಟು ಕೇಳಬೇಡಿ. ಟಾಮ್‌ಟಾಮ್‌ಗಳ ತಳದ ನಾದ ಅದರಲ್ಲಿ ಬರುವುದೇ ಇಲ್ಲ. ಸಾಧಾರಣವಾದ ಹೆಡ್‌ಫೋನ್ ಆದರೂ ಸಾಕು.

ಈ ಒಂದು ಮುದ್ರಿಕೆಯಿಂದ ಆ ಕಾಲದ ಡ್ರಮ್ಸ್ ಕಲೆಯನ್ನೆಲ್ಲ ಅಳೆಯಲಾಗದು. ಎಲಿಂಗ್ಟನ್ ಅವರೊಂದಿಗಿದ್ದ ಸನ್ನಿ ಗ್ರಿಯರ್ ಇದರಲ್ಲಿ ಇಲ್ಲ. ಆರ್ಟಿ ಶಾ ಮತ್ತು ಟಾಮಿ ಡಾರ್ಸಿ ಅವರ ವೃಂದಗಳಲ್ಲಿ ಹೆಸರು ಮಾಡಿದ ಬಡ್ಡಿ ರಿಚ್ ಇನ್ನೂ ಬೆಳಕಿಗೆ ಬರಬೇಕಿತ್ತು. ಎಲ್ಲರಿಗಿಂತ ಮುಖ್ಯವಾಗಿ, ಡ್ರಮ್ಸ್ ವಾದಕರೂ ವೃಂದನಾಯಕರೂ ಆಗಿದ್ದ ಚಿಕ್ ವೆಬ್ ಇಲ್ಲ. ಬೆನ್ನುಹುರಿಯ ಕ್ಷಯದಿಂದ ದೇಹ ಕುಗ್ಗಿದ್ದರೂ ನ್ಯೂಯಾರ್ಕಿನ ಹಾರ್ಲೆಮ್‌ನ ಸವಾಯ್ ನೃತ್ಯಶಾಲೆಯನ್ನು ಆಳಿದ ವೆಬ್, 1937ರ ಮೇ 11ರಂದು ಅಲ್ಲಿ ನಡೆದ ಸ್ಪರ್ಧೆಯಲ್ಲಿ ಗುಡ್‌ಮನ್ ವೃಂದವನ್ನು ಸೋಲಿಸಿದ್ದರು. ಕ್ರೂಪಾ ಆ ಸೋಲನ್ನು ಮನಃಪೂರ್ವಕವಾಗಿ ಒಪ್ಪಿ ಕೊನೆಯವರೆಗೂ ವೆಬ್ ಅವರನ್ನು ಗುರುವಿನಂತೆ ಗೌರವಿಸಿದರು. ಕಾರ್ನೆಗಿ ಹಾಲ್‌ನ ಕಛೇರಿಯ ಮೊದಲ ಕೃತಿಯೇ ಎಡ್ಗರ್ ಸ್ಯಾಂಪ್ಸನ್ ಅವರು ವೆಬ್ ವೃಂದಕ್ಕಾಗಿ ರಚಿಸಿದ್ದು. ಆ ರಾತ್ರಿ ಕಛೇರಿ ಮುಗಿದ ಮೇಲೆ ಸವಾಯ್‌ನಲ್ಲಿ ವೆಬ್ ಮತ್ತು ಬೇಸಿ ವೃಂದಗಳು ಎದುರುಬದುರಾದವು. ಮರುವರ್ಷ ಜೂನ್ ತಿಂಗಳಲ್ಲಿ ವೆಬ್ ತೀರಿಕೊಂಡರು. ಆದ್ದರಿಂದ ಈ ಮುದ್ರಿಕೆಯ ಜೊತೆಗೆ, ವೆಬ್ ಅವರು 1937ರಲ್ಲಿ ನುಡಿಸಿದ 'ಹಾರ್ಲೆಮ್ ಕಾಂಗೊ' ಇರುವ ಯಾವುದಾದರೊಂದು ಸಂಕಲನವನ್ನೂ, ಜೋ ಜೋನ್ಸ್ ಇರುವ ಬೇಸಿ ವೃಂದದ 1937ರಿಂದ 1939ರವರೆಗಿನ ಡೆಕ್ಕಾ ಕಂಪನಿಯ ಧ್ವನಿಮುದ್ರಣಗಳನ್ನೂ ಕೊಳ್ಳಿ ಎಂದು ಶಿಫಾರಸು ಮಾಡುತ್ತೇನೆ. ಹಣ ಒಂದಕ್ಕೇ ಇದ್ದರೆ ಕಾರ್ನೆಗಿ ಹಾಲ್‌ನದನ್ನೇ ಮೊದಲು ಕೊಳ್ಳಿರಿ, ಅದೂ 1999ರ ಆವೃತ್ತಿಯನ್ನೇ.