ದಾವಣಗೆರೆಯಲ್ಲಿ ಹೋಲ್ಟರ್ ಪರೀಕ್ಷೆ: ಕೊಟ್ಟ ದುಡ್ಡಿಗೆ ಏನೇನು ಕೇಳಿ ಪಡೆಯಬೇಕು

ಎದೆ ಢವಢವ ಅಂತ ಹೋದವರಿಗೆ ಇಸಿಜಿ ನಾರ್ಮಲ್ ಬಂದರೆ ಮುಂದಿನ ಚೀಟಿ ಬಹುತೇಕ ಹೋಲ್ಟರ್‌ನದೇ. ಮಾಮೂಲಿ ಇಸಿಜಿ ಹಿಡಿಯುವುದು ಹತ್ತು ಸೆಕೆಂಡ್ ಮಾತ್ರ. ಮೈಗೆ ಹಚ್ಚಿಕೊಂಡೇ ಓಡಾಡುವ ಹೋಲ್ಟರ್ ಮಷಿನ್ 24 ಗಂಟೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಬಡಿತ ದಾಖಲಿಸುತ್ತದೆ. ಪಿ.ಜೆ. ಬಡಾವಣೆಯಂಥ ಆಸ್ಪತ್ರೆ ಸಾಲಿನಲ್ಲಿ ಈ ಸೇವೆಗೆ ಅಲೆಯಬೇಕಾಗಿಲ್ಲ. ಒಳ್ಳೆಯ ಸೆಂಟರ್‌ಗೂ ಕಳಪೆ ಸೆಂಟರ್‌ಗೂ ಇರುವ ವ್ಯತ್ಯಾಸ ಮಷಿನ್‌ನದಲ್ಲ, ಅದನ್ನು ಹಚ್ಚುವ ಕೈಯದು, ಆಮೇಲೆ ಓದುವ ಕಣ್ಣಿನದು.

ಮಷಿನ್ ಬಗ್ಗೆ ದೂರಲು ಏನೂ ಇಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ ಬೆನ್ನಿಗೆ ಹೊತ್ತು ತೋರಿಸಿದ ಮೊದಲ ಉಪಕರಣ ಸುಮಾರು 38 ಕೆಜಿ ಇತ್ತು. ಮುಕ್ಕಾಲು ಚೀಲ ಸಿಮೆಂಟ್ ಹೊತ್ತಂತೆ! ಈಗಿನದು ಅಂಗಿ ಜೇಬಿಗೆ ಹಿಡಿಸುತ್ತದೆ. ಹೋಲ್ಟರ್ ಡಾಕ್ಟರಲ್ಲ, ವಿಜ್ಞಾನಿ. ಮಂಚದ ಮೇಲೆ ಮಲಗಿದವನ ಹೃದಯ ನೋಡಿದರೆ ಸಾಲದು, ಓಡಾಡುವವನದ್ದು ನೋಡಬೇಕು ಎಂಬುದೇ ಅವರ ಕೆಲಸದ ತಿರುಳು. ಹಾಗಾಗಿ ಮಷಿನ್ ಹಚ್ಚಿ "ಮನೇಲಿ ಸುಮ್ನೆ ಮಲ್ಕೊಳ್ರಿ" ಎಂದು ಕಳಿಸುವ ಸೆಂಟರ್‌ಗೆ ಅರ್ಧ ಅಂಕ ಅಲ್ಲೇ ಕಳೆಯಬೇಕು. ಮೆಟ್ಟಿಲು, ಹೊಲ, ಅಂಗಡಿ, ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಎಲ್ಲ ಮಾಮೂಲಿನಂತೆ ನಡೆಯಲಿ. ಡಾಕ್ಟರ್ ಬೇರೆ ಹೇಳದಿದ್ದರೆ ಕಾಫಿ, ಮಾತ್ರೆ ಕೂಡ. ಸ್ನಾನ ಮಾತ್ರ ಮಷಿನ್ ಹಚ್ಚುವ ಮೊದಲೇ ಮುಗಿಸಿ ಹೋಗಬೇಕು. ಎದೆಗೆ ಎಣ್ಣೆ, ಪೌಡರ್ ಬೇಡ.

ಹಚ್ಚುವ ಕೆಲಸಕ್ಕೆ ಕಾಲು ಗಂಟೆಯಾದರೂ ಬೇಕು. ಕೂದಲು ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಚರ್ಮವನ್ನು ಒರಟು ಬಟ್ಟೆಯಿಂದ ಹಗುರಾಗಿ ಉಜ್ಜಿ ಆಮೇಲೆ ವೈರ್ ಸಿಕ್ಕಿಸುವ ಪ್ಯಾಚ್ ಅಂಟಿಸಬೇಕು. ಒದ್ದೆ ಚರ್ಮದ ಮೇಲೆ ಅಂಟಿಸಿದ್ದು ದಾವಣಗೆರೆಯ ಏಪ್ರಿಲ್ ಬೆವರಿಗೆ ಮಧ್ಯಾಹ್ನದೊಳಗೆ ಎದ್ದುಬರುತ್ತದೆ. ಎಂದೋ ಒಡೆದ ಪ್ಯಾಕೆಟ್‌ನ ಪ್ಯಾಚ್‌ನಲ್ಲಿ ಜೆಲ್ ಒಣಗಿರುತ್ತದೆ, ಹೊಸ ಪ್ಯಾಕೆಟ್ ಕೇಳಿ. ವೈರ್‌ನ್ನು ಒಂದು ಸುತ್ತು ಮಡಚಿ ಟೇಪ್ ಹಾಕಿದರೆ ಎಳೆತ ಪ್ಯಾಚ್‌ಗೆ ತಾಗದು. ತಾಳಿಸರ ಪ್ಯಾಚ್ ಬಟನ್‌ಗೆ ಬಡಿಯದಂತೆ ಪಕ್ಕಕ್ಕೆ ಸರಿಸಿಕೊಳ್ಳಿ. ಹೆಂಗಸರಿಗೆ ಮಹಿಳಾ ಟೆಕ್ನಿಷಿಯನ್ ಇದ್ದಾರೆಯೇ ಎಂದು ಫೋನ್‌ನಲ್ಲೇ ವಿಚಾರಿಸುವುದು ಒಳ್ಳೆಯದು. ಬ್ಯಾಟರಿ ಹೊಸದಿರಬೇಕು, ಮಷಿನ್‌ನ ಗಡಿಯಾರ ನಿಮ್ಮ ಮೊಬೈಲ್ ಗಡಿಯಾರಕ್ಕೆ ಹೊಂದಬೇಕು.

ಗಡಿಯಾರದ ಮಾತು ಯಾಕೆಂದರೆ ಪರೀಕ್ಷೆಯ ಅರ್ಧ ಜೀವ ಡೈರಿಯಲ್ಲಿದೆ. "5:40, ಎದೆ ಹಾರಿತು, ನೀರು ಎತ್ತುವಾಗ" ಎಂದು ಬರೆದಿದ್ದರೆ ಡಾಕ್ಟರು ನೇರ 5:40ರ ಇಸಿಜಿ ಗೆರೆ ನೋಡುತ್ತಾರೆ. ಆಗ ಗೆರೆ ಸರಿಯಿದ್ದರೆ ಅದೂ ಉತ್ತರವೇ. ಡೈರಿ ಹಾಳೆಯನ್ನೇ ಕೊಡದ ಸೆಂಟರ್‌ಗಳಿವೆ. ಕೊಡದಿದ್ದರೆ ಮಗಳ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಮಷಿನ್‌ನಲ್ಲಿ ಗುಂಡಿ ಇದ್ದರೆ ಎದೆ ಹಾರಿದಾಗ ಅದನ್ನೂ ಒತ್ತಿ. ಕೈಗೆಲಸಗಳನ್ನೂ ಬರೆಯಿರಿ: ಹಲ್ಲುಜ್ಜುವುದು, ಜೋಳದ ರೊಟ್ಟಿ ತಟ್ಟುವುದು. ತೋಳಿನ ಆ ಒಂದೇ ಲಯದ ಅಲುಗಾಟ ಗೆರೆಯಲ್ಲಿ ಅಪಾಯಕಾರಿ ವೇಗದ ಬಡಿತದಂತೆಯೇ ಕಾಣಬಹುದು. ರೊಟ್ಟಿ ಬಡಿದದ್ದಕ್ಕೆ ಐಸಿಯು ಸೇರುವುದು ಬೇಡ.

ಇನ್ನು ರಿಪೋರ್ಟ್. ನಿರಾಶೆ ಹೆಚ್ಚಾಗಿ ಇಲ್ಲೇ. ಕಂಪ್ಯೂಟರ್ ಎಣಿಸಿದ್ದನ್ನು ಯಾರೂ ತಿದ್ದದೆ ಪ್ರಿಂಟ್ ಕೊಟ್ಟರೆ ಅದು ಓದಿದ ರಿಪೋರ್ಟ್ ಅಲ್ಲ. ಪ್ರತಿ ಬಡಿತದ ಗೆರೆಯ ಕೊನೆಗೆ ಬರುವ ಟಿ ಅಲೆ ಎತ್ತರವಿದ್ದರೆ ಅದನ್ನು ಇನ್ನೊಂದು ಬಡಿತವೆಂದು ಎಣಿಸಿ ವೇಗವನ್ನು ಎರಡರಷ್ಟು ತೋರಿಸುವುದು, ಸಡಿಲವಾದ ಪ್ಯಾಚ್‌ನ್ನು "ಹೃದಯ ನಿಂತಿತ್ತು" ಎಂದು ಬರೆಯುವುದು ಕಂಪ್ಯೂಟರ್‌ನ ಹಳೇ ಚಾಳಿ. ಅದಕ್ಕೇ ಅತಿ ವೇಗ, ಅತಿ ನಿಧಾನ, ಅತಿ ಉದ್ದದ ನಿಲುಗಡೆ, ಗುಂಡಿ ಒತ್ತಿದ ಸಮಯ, ಇಷ್ಟರ ಗೆರೆ ಸ್ಟ್ರಿಪ್ ಲಗತ್ತಿಸಿರಲೇಬೇಕು. ಬರೀ ಅಂಕಿಗಳ ಒಂದು ಹಾಳೆ ಕೊಟ್ಟರೆ ಒಪ್ಪಿಕೊಳ್ಳಬೇಡಿ.

ಆ ಅಂಕಿ ನೋಡಿ ರಾತ್ರಿ ನಿದ್ದೆ ಬಿಡುವವರೇ ಹೆಚ್ಚು. "ವಿಪಿಸಿ 312" (ವಿಪಿಸಿ ಎಂದರೆ ಹೃದಯದ ಕೆಳಕೋಣೆಯಿಂದ ಅವಧಿಗೆ ಮೊದಲೇ ಬರುವ ಹೆಚ್ಚುವರಿ ಬಡಿತ) ಎಂದಿದ್ದರೆ ಲಕ್ಷದಲ್ಲಿ 312, ಶೇಕಡಾ ಅರ್ಧವೂ ಆಗಲಿಲ್ಲ; ಆರೋಗ್ಯವಂತರಲ್ಲೂ ಒಂದಷ್ಟು ಇರುತ್ತವೆ. ಶೇ. 10 ದಾಟಿದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಹೃದಯದ ಲಯತಜ್ಞರನ್ನು ಕಾಣುವುದು ಸರಿ. ಗಾಢ ನಿದ್ದೆಯಲ್ಲಿ ಎರಡು ಸೆಕೆಂಡ್ ಆಸುಪಾಸಿನ ನಿಲುಗಡೆ ಹಲವರಲ್ಲಿ ಮಾಮೂಲು, ಹಗಲಲ್ಲಿ ಮೂರು ಸೆಕೆಂಡ್ ದಾಟಿ ಕಣ್ಣು ಕತ್ತಲಾದರೆ ಅಲ್ಲ. ಬರೀ ವಿಪಿಸಿ ಎಣಿಕೆ ಇಳಿಸುವ ಚಿಕಿತ್ಸೆ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಈ ವಿದ್ಯೆಯವರು ಕಷ್ಟಪಟ್ಟು ಕಲಿತದ್ದು ಕ್ಯಾಸ್ಟ್ ಎಂಬ ಅಧ್ಯಯನದಲ್ಲಿ. ಹೃದಯಾಘಾತ ಆಗಿಹೋದವರಿಗೆ ಹೆಚ್ಚುವರಿ ಬಡಿತ ತಗ್ಗಿಸುವ ಎನ್‌ಕೈನೈಡ್, ಫ್ಲೆಕೈನೈಡ್ ಮಾತ್ರೆ ಕೊಟ್ಟರು. ಹೆಚ್ಚುವರಿ ಬಡಿತ ತಗ್ಗಿತು, ಸಾವು ಏರಿತು. 1989ರಲ್ಲಿ ಆ ಮಾತ್ರೆಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು. ರಿಪೋರ್ಟಿನ ಸಂಖ್ಯೆ ಹಿಡಿದು ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಕೇಳುವವರು ಇದನ್ನು ನೆನಪಿಡಬೇಕು.

ಈ ಸೇವೆ ಎಲ್ಲರಿಗೂ ಅಲ್ಲ. ದಿನಕ್ಕೊಮ್ಮೆಯಾದರೂ ತೊಂದರೆ ಬರುವವರಿಗೆ ದುಡ್ಡು ಸಾರ್ಥಕ. ವಾರಕ್ಕೊಮ್ಮೆ ಬರುವವರು 7 ಅಥವಾ 14 ದಿನದ ಪ್ಯಾಚ್ ರೆಕಾರ್ಡರ್ ಬಗ್ಗೆ ಕೇಳಲಿ. ವರ್ಷಕ್ಕೆರಡು ಸಲ ತಲೆ ತಿರುಗಿ ಬೀಳುವವರಿಗೆ ಚರ್ಮದಡಿ ಇಡುವ ಲೂಪ್ ರೆಕಾರ್ಡರ್ ಇದೆ. ಎದೆನೋವು, ಪ್ರಜ್ಞೆ ತಪ್ಪುವುದು ಇದ್ದರೆ ಹೋಲ್ಟರ್ ಸರದಿಗೆ ಕಾಯದೆ 108ಕ್ಕೆ ಫೋನ್ ಮಾಡಿ. ಢವಢವ ನಡೆಯುತ್ತಿರುವಾಗಲೇ ಹತ್ತಿರದ ಆಸ್ಪತ್ರೆಯಲ್ಲಿ ಮಾಮೂಲಿ 12 ಲೀಡ್ ಇಸಿಜಿ ಸಿಕ್ಕರೆ ಅದರ ಬೆಲೆ ಎಷ್ಟೋ ಹೋಲ್ಟರ್‌ಗಿಂತ ಹೆಚ್ಚು.

ಬೆಂಗಳೂರಿನ ಲಯತಜ್ಞರಿಗೆ ತೋರಿಸುವ ಯೋಚನೆ ಇದ್ದರೆ ಪೂರ್ತಿ ರೆಕಾರ್ಡಿಂಗ್‌ನ್ನು ಪೆನ್‌ಡ್ರೈವ್‌ನಲ್ಲಿ, ರಿಪೋರ್ಟನ್ನು ಪಿಡಿಎಫ್ ಆಗಿ ಅವತ್ತೇ ಕೇಳಿ ಪಡೆಯಿರಿ. ಮಷಿನ್ ಮುಂದಿನವರಿಗೆ ಹಚ್ಚುವಾಗ ಹಳೆಯದನ್ನು ಅಳಿಸಿಬಿಡುತ್ತಾರೆ.