ಅಂಕ ಬಿಡಿ, ಪ್ರಯೋಗದ ಪಟ್ಟಿ ನೋಡಿ: ಟೂಲ್ ವಿವರಣೆ ತಪಾಸಣೆ ಸೇವೆ, ಒಂಬತ್ತು ತಿಂಗಳ ಬಳಕೆಯ ನಂತರ

ಸ್ಟಾರ್: 5ಕ್ಕೆ 3.5

ಇಳಕಲ್‌ನಲ್ಲಿ ಸೀರೆ ಅಂಗಡಿಗಳಿಗೆ ಬಿಲ್ಲು, ಸ್ಟಾಕಿನ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ಹೋದ ವರ್ಷ ಒಂದು ಅಂಗಡಿಗೆ ಎಐ ಏಜೆಂಟ್ ಕೂಡಿಸಿದೆ. ಗಿರಾಕಿ ಮೆಸೇಜ್ ಹಾಕಿದರೆ ಅದೇ ಸ್ಟಾಕ್ ನೋಡಿ ಉತ್ತರ ಕೊಡಬೇಕು. ಅದರ ಕೈಗೆ 14 ಟೂಲ್ ಕೊಟ್ಟಿದ್ದೆ, ಅಂದರೆ ಸ್ಟಾಕ್ ನೋಡುವುದು, ಬಿಲ್ ರದ್ದು ಮಾಡುವುದು ಇಂಥ ಒಂದೊಂದು ಕೆಲಸಕ್ಕೆ ಒಂದೊಂದು ಪ್ರೋಗ್ರಾಂ. ಎಲ್ಲವೂ ಎಂಸಿಪಿ ಮೂಲಕ. ಎಐಗೆ ಹೊರಗಿನ ಟೂಲ್ ಜೋಡಿಸಲು ಆಂಥ್ರೊಪಿಕ್ ಅನ್ನುವ ಎಐ ಕಂಪನಿ 2024ರ ನವೆಂಬರ್‌ನಲ್ಲಿ ಹೊರತಂದ ಪ್ರೋಟೋಕಾಲ್ ಅದು.

ಮೊದಲ ವಾರವೇ ಮಾಲೀಕರ ಫೋನು. "ಏನ್ರೀ ಸರ್, ನಿಮ್ಮ ಮಷೀನು ಮಗ್ಗದ ಮ್ಯಾಲಿನ ಸೀರಿನೂ ಮಾರಾಕತ್ತೈತಲ್ರೀ!" ಬೆಳಗಾವಿಯ ಒಬ್ಬ ಗಿರಾಕಿಗೆ 40 ಸೀರೆ ರೆಡಿ ಇವೆ ಅಂತ ಅದು ಹೇಳಿಬಿಟ್ಟಿತ್ತು. ಕಪಾಟಿನಲ್ಲಿ ಇದ್ದದ್ದು ಆರು. ಉಳಿದವು ಇನ್ನೂ ನೇಕಾರರ ಮನೆಯಲ್ಲೇ ಇದ್ದವು.

ಕೋಡ್‌ನಲ್ಲಿ ತಪ್ಪು ಹುಡುಕಿ ಎರಡು ರಾತ್ರಿ ಕಳೆದೆ. ತಪ್ಪು ಅಲ್ಲಿರಲೇ ಇಲ್ಲ. ಏಜೆಂಟಿನ ಒಳಗಿದ್ದು ಉತ್ತರ ಕೊಡುವ ಎಐ ಮಾಡೆಲ್‌ಗೆ ನಮ್ಮ ಕೋಡ್ ಕಾಣುವುದಿಲ್ಲ. ಕಾಣುವುದು ಟೂಲಿನ ಹೆಸರು, ಅದರ ವಿವರಣೆ, ಏನೇನು ತುಂಬಿ ಕಳಿಸಬೇಕು ಅನ್ನುವ ನಮೂನೆ, ಅಷ್ಟೇ. ಅಂಗಡಿಯ ಸ್ಟಾಕಿಗೊಂದು, ಮಗ್ಗದ ಮೇಲಿನ ಸೀರೆಗೊಂದು ಟೂಲ್ ಇತ್ತು. ಎರಡಕ್ಕೂ ನಾನು ಬರೆದಿದ್ದು ಒಂದೇ ಸಾಲು: "ಸ್ಟಾಕ್ ಮಾಹಿತಿ ಕೊಡುತ್ತದೆ." ಪಾಪ, ಅದಾದರೂ ಏನು ಮಾಡೀತು?

ಆಗ ಈ ಸೇವೆಗೆ ದುಡ್ಡು ಕಟ್ಟಿದೆ. ನಮ್ಮ ಟೂಲ್‌ಗಳ ವಿವರಣೆ ಓದಿ 100ಕ್ಕೆ ಅಂಕ ಕೊಡುತ್ತದೆ. ನನಗೆ ಬಂದದ್ದು 41. ನಾಚಿಕೆಯಾಗಿ ಒಂದು ಭಾನುವಾರ ಕೂತು ಪ್ರತಿ ಟೂಲಿಗೂ ಉದ್ದುದ್ದ ವಿವರಣೆ ಬರೆದೆ. ಅಂಕ 88ಕ್ಕೆ ಏರಿತು. ಖುಷಿಯೋ ಖುಷಿ. ಸೋಮವಾರ ಏಜೆಂಟ್ ಮತ್ತೆ ಮಗ್ಗದ ಸೀರೆಯನ್ನೇ ಮಾರಿತು.

ಅಂಕ ನೋಡುವುದು ವಿವರಣೆ ಇದೆಯಾ, ಸಾಕಷ್ಟು ಉದ್ದ ಇದೆಯಾ, ಉದಾಹರಣೆ ಇದೆಯಾ ಅಂತ ಮಾತ್ರ. ಎರಡು ಟೂಲ್‌ಗಳ ನಡುವೆ ಗೊಂದಲ ಆಗುತ್ತದೋ ಇಲ್ಲವೋ ಅನ್ನುವುದು ಅದರಲ್ಲಿ ಬರುವುದೇ ಇಲ್ಲ.

ದುಡ್ಡು ವಸೂಲಾಗಿದ್ದು ಬೇರೆ ಕಡೆ. ಒಳಗೆ "ಪ್ರಯೋಗ" ಅಂತ ಒಂದು ಟ್ಯಾಬ್ ಇದೆ, ನನಗೆ ಕಣ್ಣಿಗೆ ಬಿದ್ದದ್ದೇ ಎರಡು ತಿಂಗಳಾದ ಮೇಲೆ. ಅಲ್ಲಿ ಗಿರಾಕಿಯ ಪ್ರಶ್ನೆ ಹಾಕಿ, ಯಾವ ಟೂಲ್ ಆರಿಸಬೇಕು ಅಂತ ನಾವೇ ಗುರುತು ಮಾಡಿಡಬೇಕು. ಅದು ಮಾಡೆಲ್‌ನಿಂದ ಓಡಿಸಿ, ಎಲ್ಲಿ ದಾರಿ ತಪ್ಪಿತು, ಯಾವ ಎರಡು ಟೂಲ್ ಅದಲು ಬದಲಾದವು ಅಂತ ಪಟ್ಟಿ ಕೊಡುತ್ತದೆ. ನಾನು ಪ್ರಶ್ನೆ ಕಟ್ಟಲಿಲ್ಲ. ಮಾಲೀಕರ ಫೋನಿನಿಂದ ಹಳೆಯ ಮೆಸೇಜ್ 30 ತಂದು ಹಾಗೇ ಹಾಕಿದೆ. 11 ತಪ್ಪು!

ಅದರಲ್ಲಿ ನನಗೆ ಜಾಸ್ತಿ ಪಾಠ ಕಲಿಸಿದ್ದು "ಕೆಂಪು ಸೀರಿ ಎಷ್ಟು ಅದಾವ್ರೀ?" ಅನ್ನುವ ಪ್ರಶ್ನೆ. ಉತ್ತರವಾಗಿ ಇಡೀ ಅಂಗಡಿಯೇ ಬಂತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ನೂಲು) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಸಂಪ್ರದಾಯದ ಟೋಪ ತೆನಿ ಸೆರಗು ಕೆಂಪೇ, ನಡುವೆ ಬಿಳಿ. ನನ್ನ ನಮೂನೆಯಲ್ಲಿ ಇದ್ದದ್ದು ಬರೀ "ಬಣ್ಣ". ಸೆರಗಿನ ಕೆಂಪೂ ಲೆಕ್ಕಕ್ಕೆ ಬಂತು. ಈಗ ಒಡಲು, ದಡಿ, ಸೆರಗು ಮೂರಕ್ಕೂ ಬೇರೆ ಬೇರೆ ಜಾಗ ಇದೆ. "ಗಿರಾಕಿ ಬರೀ ಬಣ್ಣ ಹೇಳಿದರೆ ಅದು ಒಡಲಿನ ಬಣ್ಣ" ಅಂತ ಒಂದು ಸಾಲೂ ಇದೆ. ಈ ಮಾತು ಹತ್ತು ವರ್ಷದಿಂದ ಅಂಗಡಿಯಲ್ಲಿರುವ ಹುಡುಗನಿಗೆ ಹೇಳಬೇಕಾಗಿಲ್ಲ. ಮಾಡೆಲ್‌ಗೆ ಹೇಳಬೇಕು.

ಉದ್ದದ ಕಥೆಯೂ ಹಾಗೇ. ಯಾರೋ ಐದೂವರೆ ಮೀಟರ್ ಸೀರೆ ಕೇಳಿದರು, ಏಜೆಂಟ್ 5.5 ಅಂತ ಕಳಿಸಿತು, ಒಂದೂ ಸಿಗಲಿಲ್ಲ. ನಮ್ಮ ಲೆಕ್ಕ ಗಜದಲ್ಲಿ. ಆರು ಗಜ ಅಂದರೆ ಹೆಚ್ಚುಕಡಿಮೆ ಅದೇ ಐದೂವರೆ ಮೀಟರ್. ಅಳತೆ ಯಾವುದು ಅಂತ ಬರೆದು, 6, 8, 9 ಈ ಮೂರರಲ್ಲಿ ಒಂದನ್ನೇ ಆರಿಸುವ ಹಾಗೆ ಮಾಡಿದೆ. ಮುಗಿಯಿತು.

ಸ್ಟಾಕ್ ಟೂಲಿನ ವಿವರಣೆ ಈಗ ಹೀಗಿದೆ: "ಕಪಾಟಿನಲ್ಲಿರುವ, ಇವತ್ತೇ ಕೊಡಬಹುದಾದ ಸೀರೆ ಮಾತ್ರ. ಮಗ್ಗದ ಮೇಲಿರುವುದಕ್ಕೆ ಇದನ್ನು ಬಳಸಬೇಡ." 30 ಪ್ರಶ್ನೆಯಲ್ಲಿ ತಪ್ಪು 3ಕ್ಕೆ ಇಳಿಯಿತು. ಮಜಾ ಏನಪ್ಪಾ ಅಂದರೆ ಅಂಕವೂ 88ರಿಂದ 79ಕ್ಕೆ ಇಳಿಯಿತು, ವಿವರಣೆ ಗಿಡ್ಡ ಆಯಿತಂತೆ! ಗಿಡ್ಡ ಇದ್ದರೆ ನನಗೇ ಲಾಭ. ವಿವರಣೆಯೆಲ್ಲ ಮಾಡೆಲ್‌ಗೆ ಹೋಗುವ ಮಾತಿನ ಜೊತೆಗೇ ಸೇರಿ ಹೋಗುತ್ತದೆ, ಅದಕ್ಕೂ ಟೋಕನ್ (ಮಾಡೆಲ್ ಓದುವ ಮಾತಿನ ತುಣುಕು, ದುಡ್ಡಿನ ಲೆಕ್ಕ ಅದರ ಮೇಲೆ) ಖರ್ಚು.

ಬೇಸರದ ವಿಷಯ ಇನ್ನೊಂದಿದೆ. ನಾನು ವಿವರಣೆ ಇಂಗ್ಲಿಷಿನಲ್ಲಿ ಬರೆದು (ಮೇಲೆ ಕೊಟ್ಟದ್ದು ಅದರ ಕನ್ನಡ) ನಮ್ಮ ಕಡೆಯ ಪದಗಳನ್ನು ಹಾಗೇ ಇಡುತ್ತೇನೆ. ಗೋಮಿ, ಚಿಕ್ಕಿ, ಗಾಡಿ ಅನ್ನುವ ದಡಿಯ ಹೆಸರು ಕಂಡ ಕೂಡಲೇ ಈ ಸೇವೆಯಿಂದ "ಅರ್ಥವಿಲ್ಲದ ಪದ" ಅಂತ ಕೆಂಪು ಗೆರೆ. ಎಲ್ಲವನ್ನೂ ಬರೀ ಬಾರ್ಡರ್ ಮಾಡು ಅನ್ನುತ್ತದೆ. ಬಾರ್ಡರ್ ಅಂದರೆ ಯಾವುದಪ್ಪಾ? ಗೋಮಿ ಕೇಳಿದವರಿಗೆ ಚಿಕ್ಕಿ ಕೊಟ್ಟರೆ ಸುಮ್ನೆ ತಗೊಳ್ತಾರಾ? ದೂರು ಕೊಟ್ಟೆ. ಉತ್ತರ ಬರಲಿಲ್ಲ.

ಬಿಲ್ ರದ್ದು ಮಾಡುವ ಟೂಲಿಗೆ "ಇದು ಡೇಟಾ ಅಳಿಸುತ್ತದೆ" ಅನ್ನುವ ಗುರುತು ಹಾಕು ಅಂತ ಈ ಸೇವೆ ನೆನಪಿಸಿದ್ದು ಒಳ್ಳೆಯದಾಯಿತು. ಆದರೆ ಆ ಗುರುತು ಬರೀ ಸೂಚನೆ, ತಡೆ ಅಲ್ಲ. ರದ್ದು ಮಾಡುವ ಮುಂಚೆ ಮಾಲೀಕರ ಒಪ್ಪಿಗೆ ಕೇಳುವುದನ್ನು ನಾನು ಕೋಡ್‌ನಲ್ಲೇ ಇಟ್ಟೆ.

ಟೂಲ್ ನಾಲ್ಕೈದೇ ಇದ್ದರೆ ಇದು ಬೇಡ. ಎಂಸಿಪಿ ಇನ್‌ಸ್ಪೆಕ್ಟರ್ ಅನ್ನುವ ತಪಾಸಣೆಯ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಟೂಲ್‌ಗಳ ಪಟ್ಟಿ ನೋಡಿ, ಒಂದೊಂದನ್ನೂ ಕೈಯಾರೆ ಓಡಿಸಿ ನೋಡಬಹುದು. ಮಾಡೆಲ್ ಯಾವುದನ್ನು ಆರಿಸುತ್ತದೆ ಅನ್ನುವುದು ಮಾತ್ರ ಅಲ್ಲಿ ಗೊತ್ತಾಗುವುದಿಲ್ಲ. ಹತ್ತು ದಾಟಿದ ಮೇಲೆ ಈ ಪ್ರಯೋಗದ ಪಟ್ಟಿ ಬೇಕೇ ಬೇಕು.

ನಾನಂತೂ ಇನ್ನೊಂದು ವರ್ಷಕ್ಕೆ ಚಂದಾ ಕಟ್ಟಿದೆ. ಗುಳೇದಗುಡ್ಡದಲ್ಲಿ ಒಂದು ಖಣದ ಅಂಗಡಿ ಕೆಲಸ ಸಿಕ್ಕಿದೆ, ಮೊದಲು ಅವರ ಹಳೆಯ ಮೆಸೇಜ್‌ಗಳನ್ನು ಕೇಳಿದ್ದೇನೆ. ಅಂಕ ಮುಚ್ಚಿಡುವ ಒಂದು ಬಟನ್ ಕೊಟ್ಟರೆ ಇನ್ನರ್ಧ ಸ್ಟಾರ್ ಹಾಕುತ್ತೇನೆ.