ಧರಣಿಗೆ ಪೊಲೀಸ್ ಪರ್ಮಿಷನ್ ತಗೊಂಡ ಅನುಭವ: ಬಂದೋಬಸ್ತ್‌ಗೆ 4 ಸ್ಟಾರ್, ಹೆಸರಿನ ಪಟ್ಟಿಗೆ 1

ಹೋದ ತಿಂಗಳು ನಮ್ಮೂರ ಕೆರೆ ಅಂಗಳಕ್ಕೆ ಕಸ ಸುರಿಯೋದು ನಿಲ್ಸಿ ಅಂತ ಅರ್ಧ ದಿನ ಧರಣಿ ಕೂತಿದ್ವಿ, ಪರ್ಮಿಷನ್ ತರೋ ಜವಾಬ್ದಾರಿ ನನ್ ಮೇಲೆ ಬಿತ್ತು. ಮೊದಲ ಸಲ ಅರ್ಜಿ ಹಾಕೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಊರಿನ ಹೆಸರು, ಠಾಣೆ ಹೆಸರು ಹಾಕಲ್ಲ, ಅಲ್ಲಿ ಕೆಲವ್ರು ನಮಗೆ ನಿಜವಾಗ್ಲೂ ಸಹಾಯ ಮಾಡಿದಾರೆ, ಅವ್ರಿಗೆ ತೊಂದ್ರೆ ಆಗೋದು ಬೇಡ.

ಮೊದಲು ಚೆನ್ನಾಗಿದ್ದಿದ್ದು ಹೇಳ್ತೀನಿ. ಬಿಳಿ ಹಾಳೆಲಿ ಅರ್ಜಿ ಬರ್ದು ಎರಡು ಪ್ರತಿ ತಗೊಂಡು ಹೋದೆ, ಸಾಹೇಬ್ರು ರೌಂಡ್ಸ್‌ಗೆ ಹೋಗಿದ್ರು, ಒಂದೂವರೆ ಗಂಟೆ ಕಾದೆ. ಆಮೇಲೆ ಒಬ್ರು ಹಿರಿಯ ಹೆಡ್ ಕಾನ್‌ಸ್ಟೇಬಲ್ ಕೂರಿಸ್ಕೊಂಡು ಕೇಳಿದ್ರು: ಎಷ್ಟು ಜನ ಬರ್ತೀರಿ, ಎಷ್ಟೊತ್ತಿಂದ ಎಷ್ಟೊತ್ತಿನವರೆಗೆ, ಮೈಕ್ ಹಾಕ್ತೀರಾ, ಹಳ್ಳಿ ಕಡೆಯಿಂದ ಟ್ರ್ಯಾಕ್ಟರ್ ಬರುತ್ತಾ, ಬಂದ್ರೆ ಎಲ್ಲಿ ನಿಲ್ಲಿಸ್ತೀರಿ. ನಮ್ಮ ಅರ್ಜಿ ಹಿಂದುಗಡೆನೇ ಪೆನ್ನಲ್ಲಿ ಸರ್ಕಲ್ ನಕ್ಷೆ ಬರ್ದು, ನೋಡಮ್ಮ, ಶಾಮಿಯಾನ ಇಲ್ಲಿ ಹಾಕಿದ್ರೆ ಕೆಂಪು ಬಸ್ಸು ತಿರುಗಲ್ಲ, ಹತ್ತಡಿ ಒಳಗೆ ಹಾಕೊಳ್ಳಿ, ಆಸ್ಪತ್ರೆ ರಸ್ತೆಗೆ ಮಾತ್ರ ಯಾರೂ ಅಡ್ಡ ಕೂರಬಾರ್ದು ಅಂದ್ರು. ಇದು ನಮಗೇ ಹೊಳೆದಿರಲಿಲ್ಲ. ಈ ಭಾಗಕ್ಕೆ ನಾನು ಕಣ್ಮುಚ್ಚಿ 4 ಸ್ಟಾರ್ ಕೊಡ್ತೀನಿ, ಕಾಯ್ಸಿದ್ದಕ್ಕೆ ಒಂದು ಕಟ್.

ಇಂಥ ಪ್ರಶ್ನೆ ಕೇಳೋ ಹಕ್ಕು ಪೊಲೀಸರಿಗೆ ಖಂಡಿತ ಇದೆ. ಅಹಮದಾಬಾದಿನ ಹಿಮ್ಮತ್ ಲಾಲ್ ಶಾ ಕೇಸಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1972ರಲ್ಲೇ ಹೇಳ್ಬಿಟ್ಟಿದೆ, ಸಾರ್ವಜನಿಕ ರಸ್ತೆಲಿ ಸಭೆ ನಡೆಸೋದಕ್ಕೆ ನಿಯಮ ಹಾಕಬಹುದು, ಆದ್ರೆ ಯಾವ ಮಾರ್ಗಸೂಚಿನೂ ಇಲ್ದೆ ಅಧಿಕಾರಿ ಮನಸ್ಸಿಗೆ ಬಂದಂಗೆ ಆಗಲ್ಲ ಅನ್ನೋ ಅಧಿಕಾರ ಕೊಡಂಗಿಲ್ಲ ಅಂತ. ಸಂವಿಧಾನದ 19ನೇ ವಿಧಿಲಿ ಮಾತಾಡೋದು, ಆಯುಧ ಇಲ್ದೆ ಶಾಂತವಾಗಿ ಸೇರೋದು ಎರಡೂ ನಮ್ ಹಕ್ಕೇ, ಹಾಗಾಗಿ ಅರ್ಜಿ ಬರೆಯುವಾಗ ದಯವಿಟ್ಟು "ದಯಪಾಲಿಸಬೇಕು" ಅಂತೆಲ್ಲ ಬರೀಬೇಡಿ.

ಈಗ ಬೇಜಾರಾಗಿದ್ದು. ನಕ್ಷೆ ಮುಗೀತು ಅಂತ ಎದ್ದೆ, ಠಾಣೆಲಿ ಬರವಣಿಗೆ ನೋಡ್ಕೊಳ್ಳೋ ರೈಟರ್ ಕರೆದು ಭಾಗವಹಿಸೋರ ಪಟ್ಟಿ ಎಲ್ಲಿ ಅಂದ್ರು. ಹೆಸರು, ತಂದೆ ಹೆಸರು, ಫೋನ್ ನಂಬರು, ಆಧಾರ್ ಜೆರಾಕ್ಸ್. ಅರವತ್ತು ಜನದ್ದು! ಯಾಕ್ ಸರ್ ಅಂದ್ರೆ ಮೇಲಿಂದ ಕೇಳ್ತಾರೆ ಅಂದ್ರು, ಯಾವ ಕಾನೂನಲ್ಲಿ ಇದೆ ಅಂದ್ರೆ ಉತ್ತರ ಇಲ್ಲ. ನಾವು ದಡ್ಡತನದಲ್ಲಿ ಇಪ್ಪತ್ತು ಜನರ ಹೆಸರು ನಂಬರು ಬರ್ದು ಕೊಟ್ವಿ, ಕೊಡಬಾರ್ದಿತ್ತು, ಈಗ್ಲೂ ಆ ಬಗ್ಗೆ ನನಗೆ ಸಂಕಟ ಇದೆ. ಯಾಕಂದ್ರೆ ಮಾರನೇ ದಿನ ಸ್ಪೆಷಲ್ ಬ್ರಾಂಚ್ (ಪೊಲೀಸರ ಗುಪ್ತಚರ ವಿಭಾಗ) ಅಂತ ಹೇಳ್ಕೊಂಡು ಒಬ್ರು ಫೋನ್ ಮಾಡಿ ನಿಮ್ ಹಿಂದೆ ಯಾವ ಪಾರ್ಟಿ ಇದೆ, ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಯಾರು, ಬೆಂಗಳೂರಿಂದ ಯಾರಾದ್ರೂ ಬರ್ತಾರಾ ಅಂತೆಲ್ಲ ಕೇಳಿದ್ರು, ನನ್ನನ್ನ ಕೇಳಿದ್ರೆ ಪರವಾಗಿಲ್ಲ ನಾನು ಅರ್ಜಿದಾರಳು, ಆದ್ರೆ ನಮ್ ಜೊತೆ ಪೋಸ್ಟರ್ ಬರೀತಿದ್ದ ಫೈನಲ್ ಇಯರ್ ಬಿಕಾಂ ಹುಡುಗಿ ಅಪ್ಪಂಗೂ ಫೋನ್ ಹೋಗಿದೆ. ಗದರಿಸಿಲ್ವಂತೆ. ಮಗಳು ಏನ್ ಓದ್ತಿದಾಳೆ, ಕೆಲ್ಸಕ್ಕೆ ಅರ್ಜಿ ಹಾಕಿದಾಳಾ ಅಂತ ವಿಚಾರಿಸಿದಾರೆ ಅಷ್ಟೇ. ಆ ಮನೇಲಿ ಅಷ್ಟೇ ಸಾಕಾಯ್ತು. ಅವಳು ಬರ್ದಿದ್ದ ಹನ್ನೊಂದು ಪೋಸ್ಟರನ್ನ ತಮ್ಮನ ಕೈಲಿ ಕಳ್ಸಿದ್ಲು, ಅವಳು ಬರ್ಲಿಲ್ಲ, ಅಕ್ಕಾ ಸಾರಿ ಅಂತ ಮೆಸೇಜ್ ಮಾಡಿದ್ಲು.

ಧರಣಿ ದಿನ ಯೂನಿಫಾರಂನಲ್ಲಿ ನಾಲ್ಕು ಜನ ಇದ್ರು, ಅವ್ರಿಂದ ಒಂಚೂರೂ ತೊಂದ್ರೆ ಇಲ್ಲ, ನೀರಿನ ಕ್ಯಾನ್ ಇಳ್ಸೋಕೆ ಕೈ ಕೊಟ್ರು. ಮಫ್ತಿಲಿ ಇನ್ನೊಬ್ರು ಇದ್ರು. ಭಾಷಣ ನಡೀತಿದ್ರೂ ಅವ್ರ ಮೊಬೈಲ್ ಭಾಷಣದ ಕಡೆ ಇರ್ಲಿಲ್ಲ, ಒಂದು ಸಾಲು ಮುಗ್ಸಿ ಇನ್ನೊಂದು ಸಾಲಿಗೆ, ಒಬ್ಬೊಬ್ರ ಮುಖದ ಮುಂದೆನೂ ಸ್ವಲ್ಪ ಹೊತ್ತು ನಿಲ್ಸಿ ಮುಂದಕ್ಕೆ ಹೋಗ್ತಿದ್ರು. ಸೊಪ್ಪು ಮಾರೋ ಅಜ್ಜಿ ಒಬ್ರು ಮೊದಲ ಸಾಲಲ್ಲಿ ಕೂತಿದ್ರು, ಮೊಬೈಲ್ ಹತ್ರ ಬಂದಂಗೆ ಸೆರಗು ಎಳ್ಕೊಂಡು ಮುಖಕ್ಕೆ ಮುಚ್ಚಿದ್ರು, ಆಮೇಲೆ ಕೈಲಿದ್ದ "ಕೆರೆ ಉಳಿಸಿ" ಬೋರ್ಡನ್ನೇ ಮುಖಕ್ಕೆ ಅಡ್ಡ ಹಿಡ್ಕೊಂಡ್ರು. ಮಧ್ಯಾಹ್ನ ನನ್ ಹತ್ರ ಬಂದು, ಅವ್ವಾ ನಮ್ ಪಿಂಚಣಿಗೆ ಏನೂ ಆಗಲ್ವಲ್ಲ ಅಂದ್ರು. ಅವ್ರು ಆ ಕೆರೆ ನೀರಲ್ಲೇ ನಲ್ವತ್ತು ವರ್ಷ ಸೊಪ್ಪು ತೊಳೆದೋರು.

ಗುಪ್ತಚರ ಕೆಲಸನೇ ಬೇಡ ಅಂತ ನಾನು ಹೇಳ್ತಿಲ್ಲ. 2016ರ ಸೆಪ್ಟೆಂಬರ್ 12, ಕಾವೇರಿ ಗಲಾಟೆ ದಿನ ಬೆಂಗಳೂರಲ್ಲಿ ಹತ್ತಾರು ಬಸ್ ಸುಟ್ಟಿದ್ದು, 2020ರ ಆಗಸ್ಟ್ 11ರ ರಾತ್ರಿ ಡಿಜೆ ಹಳ್ಳಿ ಕೆಜಿ ಹಳ್ಳಿಲಿ ಒಂದು ಫೇಸ್‌ಬುಕ್ ಪೋಸ್ಟಿಂದ ಶುರುವಾಗಿ ಗೋಲಿಬಾರ್ ತನಕ ಹೋಗಿದ್ದು ಯಾರೂ ಮರ್ತಿಲ್ಲ. ಯಾರು ಪೆಟ್ರೋಲ್ ಕೂಡಿಡ್ತಿದಾರೆ, ಯಾರು ಹೊಡಿ ಬಡಿ ಅಂತ ಮೆಸೇಜ್ ಹಂಚ್ತಿದಾರೆ ಅಂತ ಮೊದಲೇ ತಿಳ್ಕೊಂಡ್ರೆ ಜೀವ ಉಳಿಯುತ್ತೆ, ಅದು ಪೊಲೀಸರ ಕರ್ತವ್ಯನೇ. ಆದ್ರೆ ಅದಕ್ಕೆ ಒಬ್ಬ ವ್ಯಕ್ತಿ ಮೇಲೆ ಅನುಮಾನ ಬರೋಕೆ ಏನಾದ್ರೂ ಕಾರಣ ಇರ್ಬೇಕಲ್ವಾ, ಕೆರೆಗೆ ಕಸ ಹಾಕ್ಬೇಡಿ ಅಂದಿದ್ದೇ ಕಾರಣ ಆಗೋದಾದ್ರೆ ಹೆಂಗೆ?

ನನ್ ಪ್ರಕಾರ ಬಂದೋಬಸ್ತ್‌ಗೆ ಬೇಕಾದ ಮಾಹಿತಿ ಬೇರೆ, ಮನುಷ್ಯನ ಮೇಲೆ ಕಡತ ಕಟ್ಟೋ ಮಾಹಿತಿ ಬೇರೆ, ನಮ್ ಠಾಣೆಗಳಲ್ಲಿ ಎರಡನ್ನೂ ಒಂದೇ ಟೇಬಲ್ ಮೇಲೆ ಒಂದೇ ಅರ್ಜಿ ಜೊತೆ ಕೇಳ್ತಾರೆ, ತೊಂದ್ರೆ ಅಲ್ಲೇ ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಒಂಬತ್ತು ಜನ ನ್ಯಾಯಮೂರ್ತಿಗಳು ತೀರ್ಪು ಕೊಟ್ರಲ್ಲ, ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವ್ರು. ಸರ್ಕಾರ ಅದ್ರಲ್ಲಿ ಕೈ ಹಾಕ್ಬೇಕಂದ್ರೆ ಒಂದು ಕಾನೂನು ಇರ್ಬೇಕು, ನ್ಯಾಯವಾದ ಉದ್ದೇಶ ಇರ್ಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಇರ್ಬೇಕು. ಬಸ್ ತಿರುಗೋಕೆ ಜಾಗ ಬೇಕು ಅನ್ನೋದು ಇದ್ರಲ್ಲಿ ಪಾಸಾಗುತ್ತೆ, ಸೊಪ್ಪಿನ ಅಜ್ಜಿ ಆಧಾರ್ ಜೆರಾಕ್ಸ್ ಪಾಸಾಗಲ್ಲ. ಫೋನ್ ಕದ್ದು ಕೇಳೋದಕ್ಕಾದ್ರೂ ಒಂದು ಕಟ್ಟುಪಾಡು ಇದೆ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹಾಕಿದ್ದ ಕೇಸಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1996ರ ತೀರ್ಪಿನಿಂದ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು, ಅದಕ್ಕೆ ಅವಧಿ ಇದೆ, ಮರುಪರಿಶೀಲನಾ ಸಮಿತಿ ಇದೆ. ಧರಣಿಲಿ ಮೊಬೈಲಲ್ಲಿ ತೆಗೆದ ಮುಖದ ವಿಡಿಯೋ ಯಾರ ಫೋನಲ್ಲಿದೆ, ಎಷ್ಟು ದಿನ ಇರುತ್ತೆ, ಯಾವಾಗ ಅಳಿಸ್ತಾರೆ ಅಂತ ನಾನು ಠಾಣೆಲಿ ಕೇಳಿದೆ, ಅದೆಲ್ಲ ರೊಟೀನ್ ಮೇಡಂ ಅಂದ್ರು. 2023ರ ಡೇಟಾ ಸಂರಕ್ಷಣೆ ಕಾಯ್ದೆಲೂ ಅಪರಾಧ ತಡೆ, ತನಿಖೆ ಅಂದ್ರೆ ದೊಡ್ಡ ವಿನಾಯಿತಿ ಇದೆ, ಹಾಗಾಗಿ ಅಲ್ಲೂ ಸುಲಭಕ್ಕೆ ಬಾಗಿಲು ತೆಗೆಯಲ್ಲ.

ಇನ್ನು ಪರ್ಮಿಷನ್ ಕೈಗೆ ಬಂದ್ರೂ ಕೆಲಸ ಮುಗೀತು ಅನ್ಕೋಬೇಡಿ. 2019ರ ಡಿಸೆಂಬರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆ ನಡೀತಿದ್ದಾಗ ಬೆಂಗಳೂರಲ್ಲಿ ರಾತ್ರೋರಾತ್ರಿ ಮೂರು ದಿನಕ್ಕೆ 144 (ಗುಂಪು ಸೇರಬಾರ್ದು ಅನ್ನೋ ನಿಷೇಧಾಜ್ಞೆ) ಹಾಕಿ ಕೊಟ್ಟಿದ್ದ ಅನುಮತಿಗಳೂ ಹೋದ್ವು, 19ನೇ ತಾರೀಕು ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವ್ರನ್ನ ಮಾತಾಡ್ತಿದ್ದಂಗೇ ಎಳ್ಕೊಂಡು ಹೋಗಿದ್ದು ಟಿವಿಲಿ ಎಲ್ರೂ ನೋಡಿದ್ವಿ. 2020ರ ಫೆಬ್ರವರಿಲಿ ಹೈಕೋರ್ಟ್ ಆ ಆದೇಶ ಕಾನೂನುಬಾಹಿರ ಅಂತ ಹೇಳ್ತು, ಆದ್ರೆ ಅಷ್ಟೊತ್ತಿಗೆ ಆ ಮೂರು ದಿನ ಹೋಗಿತ್ತು. ಈಗ ಬೆಂಗಳೂರಲ್ಲಿ ಫ್ರೀಡಂ ಪಾರ್ಕ್ ಬಿಟ್ಟು ಬೇರೆ ಕಡೆ ಕೂರೋ ಹಂಗಿಲ್ಲ, ತುರ್ತು ಪರಿಸ್ಥಿತಿಲಿ ವಾಜಪೇಯಿ ಆಡ್ವಾಣಿ ಅವ್ರನ್ನ ಇಟ್ಟಿದ್ದ ಹಳೇ ಸೆಂಟ್ರಲ್ ಜೈಲು ಅದು, ನಾನೊಂದ್ಸಲ ಅಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಜೊತೆ ಕೂತು ಬಂದಿದೀನಿ. ನಮ್ ಕೆರೆ ಜಗಳಾನ ಕೆರೆ ಕಾಣೋ ಜಾಗದಲ್ಲಿ ಕೂತು ಹೇಳೋಕಾಗಿದ್ದು ಪುಣ್ಯ ಅನ್ಸುತ್ತೆ.

ಅರ್ಜಿ ಹಾಕೋರಿಗೆ: ಎರಡನೇ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸ್ಕೊಳ್ದೆ ಠಾಣೆಯಿಂದ ಹೊರಗೆ ಬರ್ಬೇಡಿ. ಆಗಲ್ಲ ಅಂದ್ರೆ ಬಾಯ್ಮಾತಲ್ಲಿ ಬೇಡ, ಕಾರಣ ಸಮೇತ ಹಿಂಬರಹ ಕೊಡಿ ಅಂತ ಕೇಳಿ, ಅದಿಲ್ದೆ ಕೋರ್ಟಲ್ಲಿ ಮಾತಾಡೋಕೆ ಕಷ್ಟ. ಮುಚ್ಚಳಿಕೆ ಬರೆಸ್ಕೊಂಡ್ರೆ ಪೂರ್ತಿ ಓದಿ ಸೈನ್ ಮಾಡಿ, ನಮ್ದರಲ್ಲಿ "ಯಾರೇ ತಪ್ಪು ಮಾಡಿದರೂ ನಾನೇ ಹೊಣೆ" ಅಂತ ಒಂದು ಸಾಲು ಇತ್ತು, ಹೊಡೆದು ಹಾಕ್ಸಿದೆ, ಒಪ್ಕೊಂಡ್ರು.

ಕಸದ ಲಾರಿ ಇನ್ನೂ ನಿಂತಿಲ್ಲ, ಮುಂದಿನ ಸೋಮವಾರ ಮತ್ತೆ ಅರ್ಜಿ ಕೊಡ್ತಿದೀವಿ. ಈ ಸಲ ಜವಾಬ್ದಾರಿ ಹೊರೋ ಮೂರು ಜನರ ಹೆಸರು ನಂಬರು ಮಾತ್ರ, ಉಳಿದಿದ್ದು "ಅಂದಾಜು 80 ಜನ" ಅಂತ. ಹಿಂದಿನ ಸಲ ಕೊಟ್ಟ ಇಪ್ಪತ್ತು ಹೆಸರಿನ ಹಾಳೆ ವಾಪಸ್ ಕೊಡಿ ಅಂತ ಬೇರೆ ಪತ್ರ ಬರ್ದಿದೀನಿ, ಅದರ ಮೇಲೂ ಸೀಲು ಹಾಕಿಸ್ಕೊಂಡು ಬಂದು ಏನಾಯ್ತು ಅಂತ ಇಲ್ಲೇ ಕೆಳಗೆ ಸೇರಿಸ್ತೀನಿ.